ಆಯಿಯ ಸ್ವಂತ ಕಣ್ಣು

ಆಗಿನ ದಿನಗಳಲ್ಲಿ ನಮ್ಮ ನಿಡೋಣಿಯಲ್ಲಿ ಯಾರದಾದರೂ ಚಿತ್ರ ಗೋಡೆ ಏರಬೇಕಾದರೆ ಅವರು ಮೊದಲು ಸಾಯಬೇಕಿತ್ತು! ಬದುಕಿದ್ದವರ ಚಿತ್ರ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಇನ್ನೂ ಬ್ರಿಟಿಷರ ಆಳ್ವಿಕೆ. ಫೋಟೋ ಬೇಕೆಂದರೆ ವಿಜಾಪುರಕ್ಕೇ ಹೋಗಬೇಕು. ಹೋದರೂ ನಮ್ಮವರು ಅಂಗಡಿಯ ಬಾಗಿಲು ನೋಡಿ ತಿರುಗಿ ಬರುತ್ತಿದ್ದರು.

ಹೀಗಾಗಿ ತಿಕೋಟಾದ ಮಾಸ್ತರರಿಗೆ ಸಾವಿನ ಮನೆಯೇ ಗತಿ. ಅವರು ಚಿತ್ರಗಾರರೂ ಹೌದು, ಹಾಡುಗಾರರೂ ಹೌದು. ನಮ್ಮ ಮಂದಿಯಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಮಣ್ಣಿಗೆ ಒಯ್ಯುವ ತನಕ ಎದುರಿಗೆ ಭಜನೆ ಮಾಡುತ್ತಾರೆ. ಮಾಸ್ತರರು ಪೇಟಿ ಎಂಬ ಹಾರ್ಮೋನಿಯಂ ಬಾರಿಸುತ್ತ ಹಾಡುವರು. ಬೇರೆಯವರು ಪದ ಎತ್ತಿಕೊಂಡಾಗ ಪೇಟಿ ಬದಿಗೆ ಸರಿಸಿ, ಆ ಮುಖವನ್ನು ಪೆನ್ಸಿಲ್ಲಿನಿಂದ ಕಾಗದಕ್ಕೆ ಇಳಿಸಿಕೊಳ್ಳುವರು. ಬಣ್ಣದ ಚಿತ್ರ ಆಮೇಲೆ ಬರುತ್ತಿತ್ತು. ಪಾಪ, ಮಾಸ್ತರರದು ಆಗಿನ್ನೂ ಮೀಸೆ ಬಲಿಯದ ವಯಸ್ಸು, ನಗುಮುಖ. ಆದರೂ ಒಂದು ಕೈಯಲ್ಲಿ ಪೇಟಿ, ಇನ್ನೊಂದರಲ್ಲಿ ಬಣ್ಣದ ಪೆಟ್ಟಿಗೆ ಹಿಡಿದು ಅವರು ಓಣಿಯಲ್ಲಿ ಕಂಡರೆ ಸಾಕು, ನಾವು ಹುಡುಗರು ಕುಂಟೆಬಿಲ್ಲೆ ಬಿಟ್ಟು ಮನೆಗೆ ಓಟ!

ನಮ್ಮ ಪಡಸಾಲೆಯಲ್ಲೂ ಅವರು ಬರೆದ, ತೀರಿಹೋದ ನಮ್ಮಜ್ಜ ಮುತ್ತ್ಯಾನ ಚಿತ್ರವಿತ್ತು. ಅಪ್ಪನ ಅವ್ವ, ನಮ್ಮ ಆಯಿ, ದಿನಾ ಅದಕ್ಕೆ ಊದಿನಕಡ್ಡಿ ಬೆಳಗುತ್ತ ಗೊಣಗುತ್ತಿದ್ದಳು.

"ಮೂಗು ಅವರದಽ, ಮೀಸಿ ಅವರದಽ. ಆದರ ಹಿಂಗ ನನ್ನ ಕಡೆ ಎಂದೂ ನೋಡಿಲ್ಲ ಬಿಡು."

ಆ ವರ್ಷ ಸೀತನಿಯ ಹೊತ್ತಿಗೆ, ಅಂದರೆ ಹಾಲುದುಂಬಿದ ಜೋಳದ ತೆನೆ ಸುಟ್ಟು ತಿನ್ನುವ ಕಾಲಕ್ಕೆ, ಆಯಿ ಮಾಸ್ತರರನ್ನು ಬರೀ ಹಾಡಲೆಂದು ಕರೆಸಿದಳು. ಅವರ ಹಾಡೆಂದರೆ ಅವಳಿಗೆ ಜೀವ. ಅವರು ಮುತ್ತ್ಯಾನ ಚಿತ್ರದ ಕೆಳಗೇ ಕೂತು ಪೇಟಿ ತೆರೆದರು. ನಾನು ಬಿಸಿ ಸೀತನಿಗೆ ಬೆಲ್ಲ ಕಲಸಿಕೊಂಡು ತಿನ್ನುತ್ತ ಮೇಲೆ ನೋಡಿದೆ, ಕೆಳಗೆ ನೋಡಿದೆ. ಬಾಯಿ ಸುಮ್ಮನಿರಬೇಕಲ್ಲ!

"ಆಯೀ, ಮುತ್ತ್ಯಾನ ಕಣ್ಣು ಮಾಸ್ತರವಽ ಅದಾವ ನೋಡು!"

ಪೇಟಿ ನಿಂತಿತು. ಮಾಸ್ತರರ ಮುಖ ಕೆಂಪಾಯಿತು.

"ಏನ್ ಮಾಡ್ಲಿರಿ ಆಯಿ? ನಾ ಬರೂದ್ರಾಗ ಎಲ್ಲಾರೂ ಕಣ್ಣು ಮುಚ್ಚಿರತಾರ. ಕನ್ನಡಿ ಮುಂದ ಇಟಗೊಂಡು ನನ್ನವಽ ಬರೀತೇನಿ. ಬದುಕಿದ್ದವರ ಕಣ್ಣು ಬರೀಬೇಕಂತ ಭಾಳ ಆಸೆ ಐತ್ರಿ. ಕುಂದ್ರವರಽ ಇಲ್ಲ."

ಅಯ್ಯೋ ಶಿವನೇ! ಬಬಲೇಶ್ವರ, ಸಾರವಾಡ, ಕನಮಡಿ, ಸುತ್ತಲಿನ ಊರುಗಳ ಸತ್ತವರೆಲ್ಲ ಗೋಡೆಯ ಮೇಲಿಂದ ಇವರೊಬ್ಬರ ಕಣ್ಣಿನಿಂದಲೇ ನೋಡುತ್ತಿದ್ದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಯಿ ನಗಲಿಲ್ಲ.

"ಹಂಗಾರ ನಾ ಸತ್ತಮ್ಯಾಲ ನನ್ನ ಮೊಮ್ಮಕ್ಕಳನ್ನ ನಿನ್ನ ಕಣ್ಣಿಲೆ ನೋಡಬೇಕೇನೋ? ಆಗೂದಿಲ್ಲಪಾ. ನಾಳಿಂದ ಬರಿ. ನಾ ಕುಂದ್ರತೇನಿ."

"ಯವ್ವಾ, ತಲಿ ಕೆಟ್ಟೈತೇನ ನಿಂದು?" ಅಂದ ಅಪ್ಪ. ಅವನ ಮಾತು ಯಾರು ಕೇಳಬೇಕು?

ಆಯಿ ಇಳಕಲ್ ಸೀರೆ ಉಟ್ಟು, ಮೂಗುತಿ ತಿಕ್ಕಿ ಬೆಳಗಿಸಿಕೊಂಡು ಬಾಗಿಲ ಬೆಳಕಿಗೆ ಕೂತಳು. ಮಾಸ್ತರರು ಬಣ್ಣಕ್ಕೆ ಅಗಸೆ ಎಣ್ಣೆ ಬೆರೆಸಿದಾಗ ನಮ್ಮ ಅಡುಗೆಮನೆಯದೇ ವಾಸನೆ. ರೊಟ್ಟಿಗೆ ಹಚ್ಚಿ ತಿನ್ನುವ ಅಗಸೆ ಹಿಂಡಿಯ ಪುಡಿಯಿಂದಲೇ ಚಿತ್ರ ಬರೆಯುತ್ತಾರೆ ಎಂದುಕೊಂಡೆ ನಾನು. ಆದರೆ ಆಯಿ ಸುಮ್ಮನೆ ಕೂರುವ ಪೈಕಿಯೇ? ಕರುವನ್ನು ಬೈದಳು, ಕಾಗೆಯನ್ನು ಬೈದಳು, ನಮ್ಮವ್ವನ ರೊಟ್ಟಿ ದಪ್ಪವಾಯಿತೆಂದು ಕೂತಲ್ಲಿಂದಲೇ ಕೂಗಿದಳು. ಕೊನೆಗೆ ಮಾಸ್ತರರು ಬರೆಯುತ್ತಲೇ ಹಾಡತೊಡಗಿದರು. ಹಾಡು ಕೇಳುತ್ತ ಆಯಿ ಮಗುವಿನಂತೆ ಸುಮ್ಮನಾದಳು. ಹಣೆ, ಮೂಗು, ಗದ್ದ ಎಲ್ಲ ಮೂಡಿದವು. ಕಣ್ಣು ಮಾತ್ರ ಕಡೆಗೆ ಎಂದು ಬಿಟ್ಟಿದ್ದರು.

ಅಷ್ಟರಲ್ಲಿ ಆಯಿಗೆ ಚಳಿಜ್ವರ ಬಂತು. ಓಣಿಯ ಬಾಯಿಗೆ ಬೀಗವಿಲ್ಲ. "ನಾವು ಹೇಳಲಿಲ್ಲೇನು?" ಎಂದು ಮಗ್ಗುಲ ಮನೆಯ ನೀಲವ್ವ ಸೆರಗು ಬಾಯಿಗಿಟ್ಟಳು. ಅಪ್ಪ ಪೇಟಿ, ಬಣ್ಣದ ಪೆಟ್ಟಿಗೆ ಎರಡನ್ನೂ ತಂದು ಕಟ್ಟೆಯ ಮೇಲಿಟ್ಟ.

"ಮಾಸ್ತರ, ಕೈ ಮುಗಿತೇನಿ. ಹೋಗಿಬಿಡ್ರಿ."

ಅವರು ತಲೆ ತಗ್ಗಿಸಿ ಹೊರಟರು. ಕಣ್ಣಿಲ್ಲದ ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಲಾಯಿತು. ನನ್ನ ಬಾಯಿಯಿಂದಲೇ ಅಲ್ಲವೇ ಇದೆಲ್ಲ ಆದದ್ದು! ಆಯಿ ಸತ್ತರೆ ನಾನೇ ಕೊಂದಂತೆ ಎಂದು ಅವಳ ಕೌದಿಯೊಳಗೆ ಮುಖ ಹುದುಗಿಸಿ ಅತ್ತೆ.

ಕೌದಿಯೊಳಗಿಂದಲೇ ಆಯಿ ಗುಡುಗಿದಳು. "ಯಾರ ಹೇಳಿದ್ರು ಅವನಿಗೆ ಹೋಗಂತ? ನಾಳೆ ಸತ್ತರ ಗ್ವಾಡಿ ಮ್ಯಾಲ ಕುರುಡಿ ಆಗಿ ಕುಂದ್ರಲೇನು? ಓಡು ಬೇ, ಕರಕೊಂಡು ಬಾ!"

ಓಡಿದೆ. ಹೊಲದ ದಾರಿಯಲ್ಲಿ ಅವರ ಧೋತರದ ಚುಂಗು ಹಿಡಿದು ಎಳೆದುಕೊಂಡೇ ಬಂದೆ.

ಬಂದು ನೋಡಿದರೆ ಆಯಿ ಎದ್ದು ಕೂತಿದ್ದಾಳೆ! ನಿತ್ರಾಣದ ಮೈ, ಗೋಡೆಗೆ ಒರಗಿದ ಬೆನ್ನು, ಹಣೆಯ ತುಂಬ ವಿಭೂತಿ. ಸತ್ತವರನ್ನು ಕೂಡಿಸಿದ ಹಾಗೆಯೇ. ಅವ್ವ ಅತ್ತುಬಿಟ್ಟಳು. ಮಾಸ್ತರರು ಹೊಸ್ತಿಲಲ್ಲೇ ನಿಂತು ಅವಳನ್ನೇ ನೋಡಿದರು.

"ಏನ್ ನೋಡಾಕತ್ತಿ?" ಅಂದಳು ಆಯಿ. "ಈ ಸಲ ಕಣ್ಣು ತೆರದಾವ. ಬರಿ!"

ಮಾಸ್ತರರು ಮೊದಲು ಪೇಟಿ ತೆರೆದು ಒಂದು ಪದ ಹಾಡಿದರು. ಆಮೇಲೆ ಬ್ರಶ್ ಹಿಡಿದರು. ಅಪ್ಪ ಬಾಗಿಲಲ್ಲೇ ನಿಂತಿದ್ದ, ತಡೆಯಲಿಲ್ಲ.

ಜ್ವರ ಇಳಿಯಿತು. ಇಳಿದ ಕೂಡಲೇ ಆಯಿ ಬೇಡಿದ್ದು ರೊಟ್ಟಿ, ಅಗಸೆ ಹಿಂಡಿ, ಗಟ್ಟಿ ಮೊಸರು. ಉಂಡು ಚಿತ್ರವನ್ನು ಕಟ್ಟೆಗೆ ತರಿಸಿ ಅದರ ಮಗ್ಗುಲಲ್ಲೇ ಕೂತಳು. ಊರೆಲ್ಲ ನೆರೆಯಿತು. ಬೈಯುವುದಕ್ಕೆ ಅಣಿಯಾದ, ಒಳಗೊಳಗೇ ನಗುವ ಅವೇ ಕಣ್ಣು, ಎರಡು ಜೊತೆ! ನೀಲವ್ವ ಇದನ್ನು ನೋಡಿದಳು, ಅದನ್ನು ನೋಡಿದಳು.

"ಮಾಸ್ತರ, ನಂದೂ ಒಂದು ತಗೀರಿ."

ಶಭಾಷ್! ಅಂದಿನಿಂದ ಮಾಸ್ತರರಿಗೆ ತಿಕೋಟಾಕ್ಕೆ ಹೋಗಲು ಪುರುಸೊತ್ತಿಲ್ಲ. ಅವರನ್ನು ಕಂಡು ಓಡುತ್ತಿದ್ದ ನಾವೇ ಪೇಟಿ ಹೊರುವುದಕ್ಕೆ ಜಗಳವಾಡಿದೆವು.

ಆಯಿ ನನ್ನ ಮಗನ ತೊಟ್ಟಿಲು ತೂಗಿಯೇ ಹೋದಳು. ಮಾಸ್ತರರು ತೊಂಬತ್ತು ದಾಟಿದರು. ಹಲ್ಲಿಲ್ಲದ ಬಾಯಲ್ಲೂ ಹಾಡಿದರು. ನಮ್ಮ ಮನೆಗೆ ಬಂದಾಗಲೆಲ್ಲ ಚಿತ್ರದ ಮುಂದೆ ನಿಂತು, "ನನಗ ಕಣ್ಣು ಕೊಟ್ಟಾಕಿ ಈಕಿ" ಅನ್ನುತ್ತಿದ್ದರು.

ಅವರು ತೀರಿಕೊಂಡಾಗ ಗೋಡೆಗೆ ಹಾಕಲು ಅವರದೊಂದು ಒಳ್ಳೆಯ ಚಿತ್ರವೇ ಇರಲಿಲ್ಲ. ಊರವರನ್ನೆಲ್ಲ ಬರೆದವರನ್ನು ಬರೆಯುವವರು ಯಾರಿದ್ದರು? ಅವರ ಮಗ ಇದನ್ನು ಹೇಳಿಕೊಂಡು ಅತ್ತಾಗ ಅವನನ್ನು ಮುತ್ತ್ಯಾನ ಚಿತ್ರದೆದುರು ನಿಲ್ಲಿಸಿದೆ. "ನಿಮ್ಮಪ್ಪನ ಕಣ್ಣು ನೋಡಪಾ" ಅಂದೆ. ಅವನು ಕಣ್ಣೊರೆಸಿಕೊಂಡು ಇನ್ನೂ ಹತ್ತಿರ ಹೋದ.

ಈಗ ಊರುಗಳಲ್ಲಿ ಹಳೆಯ ಮನೆ ಕೆಡವಿ ಸಿಮೆಂಟಿನವು ಎದ್ದಿವೆ. ಮಾಸ್ತರರ ಕಣ್ಣಿನ ಆ ಚಿತ್ರಗಳು ಅಟ್ಟ ಸೇರಿದವು, ಗೆದ್ದಲ ಪಾಲಾದವು. ಒಂದೊಂದು ಹೋದಾಗಲೂ ಮಾಸ್ತರರು ಇನ್ನೊಮ್ಮೆ ಕಣ್ಣು ಮುಚ್ಚಿದರಲ್ಲಾ ಎಂದು ಸಂಕಟವಾಗುತ್ತದೆ. ನಮ್ಮ ಪಡಸಾಲೆಯಲ್ಲಿ ಮಾತ್ರ ಆ ಕಣ್ಣು ತೆರೆದೇ ಇವೆ. ದಿನಾ ಊದಿನಕಡ್ಡಿ ಬೆಳಗಿ ಆಯಿಗೆ ಒಂದು ಸಲ ಕೈ ಮುಗಿಯುತ್ತೇನೆ, ಮುತ್ತ್ಯಾನ ಚಿತ್ರಕ್ಕೆ ಎರಡು ಸಲ.