ಪಂಜರಕ್ಕೂ ಆಯ ನೋಡಿಸಿದ್ದು

ಒಂದು ಕಡೆ ಕೂರುವ ಯೋಗ ನನ್ನ ಜಾತಕದಲ್ಲೇ ಇಲ್ಲ. ರಿಟೈರ್ ಆದ ಮೇಲಂತೂ ಚಾಮರಾಜಪೇಟೆಯ ನಮ್ಮ ಪುಟ್ಟ ಹಾಲ್‌ನಲ್ಲಿ ಕಿಟಕಿಯಿಂದ ಫ್ರಿಜ್‌ಗೆ, ಫ್ರಿಜ್‌ನಿಂದ ಕಿಟಕಿಗೆ ಓಡಾಡುವುದೇ ನನ್ನ ಡ್ಯೂಟಿ. "ರೀ, ತಲೆ ತಿರುಗುತ್ತೆ, ಒಂದ್ಕಡೆ ಕೂತ್ಕೊಳ್ರೀ" ಎಂದು ದಿನಾ ಬೈಯುವ ಹೆಂಡತಿ ಸುಮಿತ್ರಾ, ನನ್ನ ಗಮನ ಬೇರೆ ಕಡೆ ಹೋಗಲಿ ಅಂತ ಒಂದು ಕಾಕಟೀಲ್ ಹಕ್ಕಿ ತಂದಳು. ಬೂದು ಮೈ, ಹಳದಿ ಜುಟ್ಟು. ಚಿನ್ನು ಅಂತ ಹೆಸರಿಟ್ಟೆವು.

ಪಂಜರ ತರುವ ಕೆಲಸ ನನ್ನದು. ಟಿವಿ ಪಕ್ಕದ ಜಾಗ ಅಳೆದುಕೊಂಡು ಹೋದೆ, ಹಕ್ಕಿಯನ್ನು ಅಳೆಯಲಿಲ್ಲ. ಚಪ್ಪಲಿ ತರಲು ಹೊರಟವನು ಕಾಲು ಬಿಟ್ಟು ಚಪ್ಪಲಿ ಸ್ಟ್ಯಾಂಡ್ ಅಳೆದ ಹಾಗಾಯಿತು. ಚಿನ್ನು ರೆಕ್ಕೆ ಬಿಚ್ಚಿದರೆ ಎರಡೂ ಕಡೆ ತಂತಿಗೆ ಬಡಿಯುತ್ತಿತ್ತು. ಗರಿಗಳ ತುದಿ ಚಿಂದಿಯಾದವು. ಬರುಬರುತ್ತಾ ರೆಕ್ಕೆ ಬಿಚ್ಚುವುದನ್ನೇ ಬಿಟ್ಟು ಮೂಲೆಯಲ್ಲಿ ಮುದುರಿ ಕೂತಿತು. ಸದಾ ಕೂರು ಕೂರು ಅಂತ ಬೈಸಿಕೊಳ್ಳುವ ನನಗೆ, ಹಾಗೆ ಕೂತ ಜೀವವನ್ನು ನೋಡಲಾಗಲಿಲ್ಲ.

ದೊಡ್ಡದು ಮಾಡಿಸೋಣ ಅಂದೆ. ಅಷ್ಟಕ್ಕೇ ಮಲ್ಲೇಶ್ವರದಿಂದ ಸುಮಿತ್ರಾಳ ತಮ್ಮ ರಾಘು ಟೇಪು ಹಿಡಿದು ಬಂದ. ನಮ್ಮ ಮನೆಗೆ ಆಯ ನೋಡಿದವನೂ ಅವನೇ. ಉದ್ದ ಅಗಲ ಗುಣಿಸಿ, ಭಾಗಿಸಿ, ಉಳಿದ ಶೇಷದಲ್ಲಿ ಶುಭ ಅಶುಭ ಹೇಳುವ ಲೆಕ್ಕ ಅದು. "ಯಜಮಾನರ ನಕ್ಷತ್ರ ಯಾವ್ದು?" ಎಂದ. ಪಂಜರದ ಯಜಮಾನ ನಾನೋ ಚಿನ್ನುವೋ ಎಂದು ಚರ್ಚೆಯಾಗಿ, ಚಿನ್ನು ಮನೆಗೆ ಬಂದ ದಿನದ ನಕ್ಷತ್ರವೇ ಗಟ್ಟಿಯಾಯಿತು.

"ನೀವು ಹೇಳೋ ಅಳತೇಲಿ ಕಾಕಾಯ ಬರುತ್ತೆ ಭಾವ, ಕಾಗೆ ಆಯ. ಬೇಡವೇ ಬೇಡ."

"ಹಕ್ಕಿಗೆ ಕಾಗೆ ನೆಂಟನೇ ಅಲ್ವೇನೋ?"

ಅವನು ನಗಲಿಲ್ಲ. "ಇನ್ನರ್ಧ ಅಡಿ ಅಗಲ ಮಾಡಿ. ಗಜಾಯ ಬರುತ್ತೆ" ಎಂದ. ಒಂದು ಹಿಡಿ ಹಕ್ಕಿಗೆ ಆನೆಯ ಆಯ! ಆದರೆ ಮನೆಯಲ್ಲಿ ಆ ಅರ್ಧ ಅಡಿ ಇದ್ದದ್ದು ನನ್ನ ಬೆತ್ತದ ಕುರ್ಚಿಯ ಜಾಗದಲ್ಲಿ ಮಾತ್ರ. "ಅದರಲ್ಲಿ ನೀವ್ಯಾವತ್ತು ಕೂತಿದೀರಿ?" ಎಂದು ಸುಮಿತ್ರಾ ಕೇಳಿದ್ದೇ ತಡ, ಕುರ್ಚಿ ಮೆಟ್ಟಿಲ ಕೆಳಗೆ ಸೇರಿತು. ಮನಸ್ಸಿಗೆ ಪಿಚ್ಚೆನಿಸಿತು. ಕೂರದಿದ್ದರೇನು, ಬೇಕಾದಾಗ ಕೂರಬಹುದು ಅನ್ನುವ ಧೈರ್ಯವಾದರೂ ಇತ್ತಲ್ಲ.

ನಿನ್ನೆ ಕಾಟನ್‌ಪೇಟೆಯಿಂದ ಪಂಜರ ಬಂತು. ಚಿನ್ನು ಒಳಗೆ ಹೋಗಿ ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ. ರೆಕ್ಕೆ ಬಿಚ್ಚುವುದೇ ಮರೆತುಹೋಯಿತೇನೋ ಅಂತ ನನಗೆ ದಿಗಿಲು. ಕಿಟಕಿಗೂ ಫ್ರಿಜ್‌ಗೂ ಓಡಾಡಿದ್ದೇ ಓಡಾಡಿದ್ದು. ಆಮೇಲೆ ಮೈ ಕೊಡವಿ ಒಂದು ರೆಕ್ಕೆ ಬಿಚ್ಚಿತು. ಇನ್ನೊಂದನ್ನೂ ಬಿಚ್ಚಿತು. ಯಾವ ತಂತಿಗೂ ತಾಗಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಖುಷಿಗೆ ನಾನೂ ಎರಡೂ ಕೈ ಚಾಚಿದೆ. ಒಂದು ಫ್ರಿಜ್‌ಗೆ ಬಡಿಯಿತು, ಇನ್ನೊಂದು ಪಂಜರಕ್ಕೆ.

"ನಮ್ಮನೆಗೆ ಯಾವ ಆಯ ಬಂದಿತ್ತೇ?" ಎಂದು ಸುಮಿತ್ರಾಳನ್ನು ಕೇಳಿದೆ.

"ಯಾವ್ದಾದ್ರೂ ಬಂದಿರ್ಲಿ. ನಿಮಗೆ ಬಾಗ್ಲು ತೆಗೆದೇ ಇದ್ಯಲ್ಲ, ಹೊರಗಡೆ ಒಂದ್ ರೌಂಡ್ ಹೋಗ್ಬನ್ನಿ."

ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋದವನು ತಿರುಗಿ ಬಂದೆ. ಚಿನ್ನು ಇನ್ನೊಂದು ಸಲ ರೆಕ್ಕೆ ಬಿಚ್ಚಿದರೆ ತಪ್ಪಿಹೋಗುತ್ತಲ್ಲ! ಪಂಜರದ ಮುಂದೆ ಹಾಗೇ ನೋಡುತ್ತಾ ಇದ್ದೆ. ಸುಮಿತ್ರಾ ಕಾಫಿ ಲೋಟವನ್ನು ಬಗ್ಗಿ ನೆಲದ ಮೇಲೆ ಇಟ್ಟಾಗಲೇ ಗೊತ್ತಾದದ್ದು, ನಾನು ಕೂತಿದ್ದೇನೆ ಅಂತ.