ವಿಜಯಲಕ್ಷ್ಮಿ ಕಾದ ಲೆಕ್ಕ

ವಿಜಯಲಕ್ಷ್ಮಿಯ ಪಾಡು ನೆನೆದರೆ ನನಗೆ ಇವತ್ತೂ ಮೈ ಉರಿಯುತ್ತದೆ. ಗದಗಿನವಳು, ಬೆಂಗಳೂರಿನ ಬಿಟಿಎಂನಲ್ಲಿ ಬಾಡಿಗೆ ಕೋಣೆ. ಅರೆಕೆರೆಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ. ಜೋರು ಮಳೆ ಬಂದರೆ ಹುಳಿಮಾವಿನ ಯಾವ ಬೀದಿಗೆ ಎಷ್ಟು ನೀರು ನುಗ್ಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸುವುದು ಅವಳ ಕೆಲಸ. ಒಂದು ಲೆಕ್ಕಕ್ಕೆ ಹನ್ನೆರಡು ದಿನ. ಕರೆಂಟ್ ಹೋದರೆ ಅಲ್ಲಿಯವರೆಗಿನದನ್ನು ಕಂಪ್ಯೂಟರ್ ಉಳಿಸಿಕೊಳ್ಳುತ್ತದೆ. ಮತ್ತೆ ಅಲ್ಲಿಂದ ಶುರು ಮಾಡಿಸಲು ಇವಳೇ ಬರಬೇಕು. ಮೂರು ವರ್ಷದಿಂದ ನೆಟ್ಟಗೆ ಊರಿಗೆ ಹೋದವಳಲ್ಲ.

ಈ ಸಲ ಹೋಗಲೇಬೇಕಿತ್ತು. ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ. ತಾಯಿ ಇಲ್ಲ, ಉಡಿ ತುಂಬಬೇಕಾದವಳು ಅಕ್ಕನೇ.

ಆಯುಧಪೂಜೆಯ ದಿನ ಆಫೀಸಿಗೆ ರಜೆ. ಕಟ್ಟಡದ ಮಾಲೀಕರಾದ ಬೋರಣ್ಣ ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆದವರು. ಆಗ ನೇಗಿಲಿಗೆ ಮಾಡುತ್ತಿದ್ದ ಪೂಜೆಯನ್ನು ಈಗ ಮೀಟರ್ ಬೋರ್ಡಿಗೆ ಮಾಡುತ್ತಾರೆ. ಮೈನ್ ಆಫ್ ಮಾಡಿ, ಕುಂಕುಮ ಹಚ್ಚಿ, ಊಟಕ್ಕೆ ಹೋದರು. ಕಂಪ್ಯೂಟರ್ ಉಳಿಸಲು ಶುರು ಮಾಡಿತು. ಪೂರ್ತಿ ಬರೆಯಲು ನಲವತ್ತು ನಿಮಿಷ ಬೇಕು, ಸವೆದ ಬ್ಯಾಟರಿ ಈ ಸಲ ಬಂದದ್ದು ಮೂವತ್ತೇ. ಹಿಂದೆ ಉಳಿಸಿದ್ದರ ಮೇಲೆಯೇ ಬರೆಯುತ್ತಿದ್ದುದರಿಂದ ಆ ಹಳೆಯದೂ ಹಾಳಾಯಿತು. ಒಂಬತ್ತು ದಿನದ ಕೆಲಸ ಮಣ್ಣುಪಾಲು.

“ಪೂಜೆ ದಿನಾನೂ ಅದಕ್ಕೆ ರೆಸ್ಟ್ ಬೇಡ್ವೇನಮ್ಮ?” ಎಂದರು ಬೋರಣ್ಣ. ಅವರನ್ನು ಬೈಯಲು ನಮಗೆ ಮನಸ್ಸು ಬರಲಿಲ್ಲ.

ಲೆಕ್ಕ ಮೊದಲಿನಿಂದ ಶುರುವಾಗಬೇಕಾಯಿತು, ಕುಬಸದ ಭಾನುವಾರ ಅದರ ನಡುವೆ ಬಿತ್ತು. ವಿಜಯಲಕ್ಷ್ಮಿ ಹಟಕ್ಕೆ ಬಿದ್ದು ಉಳಿಸುವ ಕ್ರಮವನ್ನೇ ಬದಲಿಸಿದಳು. ಹಿಂದಿನ ಸಲದಿಂದ ಬದಲಾದಷ್ಟನ್ನೇ ಬರೆಯುವುದು. ಹೊಸದು ಪೂರ್ತಿಯಾಗುವವರೆಗೆ ಹಳೆಯದನ್ನು ಮುಟ್ಟದಿರುವುದು. ಕರೆಂಟ್ ಬಂದೊಡನೆ ತಾನೇ ಮುಂದುವರಿಯುವುದು. ನಲವತ್ತು ನಿಮಿಷ ಎರಡಕ್ಕಿಳಿಯಿತು. ಶುಕ್ರವಾರ ಮ್ಯಾನೇಜರ್ ರವಿಕಿರಣ್ ಎದುರಿಗೇ ಪ್ಲಗ್ ಕಿತ್ತು, ಎರಡು ನಿಮಿಷ ಬಿಟ್ಟು ಬ್ಯಾಟರಿಯನ್ನೂ ಬಿಚ್ಚಿ, ಮತ್ತೆ ಹಾಕಿದಳು. ಯಾರೂ ಮುಟ್ಟದೆಯೇ ಲೆಕ್ಕ ಮುಂದುವರಿಯಿತು.

“ಇನ್ನ ನಾ ಇರಬೇಕಂತೇನಿಲ್ರೀ ಸರ್. ನಾಳೆ ಊರಿಗೆ ಹೋಗ್ತೀನ್ರೀ.”

“ಸಖತ್ತಾಗಿದೆ ವಿಜಯಲಕ್ಷ್ಮಿ. ಆದ್ರೆ ಹೊಸದು ನೋಡಿ, ಏನಾದ್ರೂ ಎಡವಟ್ಟಾದ್ರೆ ನಿಮ್ಮನ್ ಬಿಟ್ರೆ ಯಾರಿಗ್ ಗೊತ್ತಾಗುತ್ತೆ? ಈ ಭಾನುವಾರ ಒಂದಿನ ಇದ್ಬಿಡಿ.”

ಅವಳು ನನ್ನ ಕಡೆ ನೋಡಿದಳು. ನಾನಿರುತ್ತೇನೆ ಎನ್ನಬಹುದಿತ್ತು. ಒಮ್ಮೆ ಹೂಂ ಅಂದರೆ ಅದು ನನ್ನ ಕೊರಳಿಗೇ ಬೀಳುತ್ತದೆಂದು ಹೆದರಿ ನನ್ನ ಸ್ಕ್ರೀನಿನ ಕಡೆ ತಿರುಗಿಕೊಂಡೆ. ರವಿಕಿರಣ್ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಭಾನುವಾರ ಎರಡು ಸಲ ಕರೆಂಟ್ ಹೋಯಿತಂತೆ. ಎರಡು ಸಲವೂ ಲೆಕ್ಕ ತಾನೇ ಎದ್ದು ಮುಂದೆ ಹೋಯಿತು. ಬೆಳಗಿನಿಂದ ಸಂಜೆಯವರೆಗೆ ವಿಜಯಲಕ್ಷ್ಮಿ ಒಂದು ಬಟನ್ನೂ ಒತ್ತಬೇಕಾಗಲಿಲ್ಲ. ಗದಗಿನಲ್ಲಿ ತಂಗಿಗೆ ಪಕ್ಕದ ಮನೆಯವರು ಉಡಿ ತುಂಬಿದರು.