ಹರಿಯದಿದ್ದ ದಾರ

ಗೋಡೆಯ ನೇರ ನೋಡಲು ಗೌಂಡಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ಕಬ್ಬಿಣದ ಗುಂಡೊಂದು ಈಗ ನನ್ನ ಮೇಜಿನ ಮೇಲಿದೆ. ನನ್ನ ಉಸ್ತಾದರ ಮೊಮ್ಮಗ ಮೊನ್ನೆ ತಂದುಕೊಟ್ಟ. ಸುತ್ತಲೂ ಅದರ ಹಳೆಯ ದಾರ ಸುತ್ತಿದೆ. ಸುಣ್ಣದ ವಾಸನೆ ಇನ್ನೂ ಉಳಿದಿದೆ... ಅಥವಾ ಹಾಗೆಂದು ನನಗೆ ಅನಿಸುತ್ತದೆ.

ತುಂಗಭದ್ರೆಗೆ ಅಣೆಕಟ್ಟೆಂಬುದು ಇನ್ನೂ ಬರಿಯ ಮಾತಾಗಿದ್ದ ಕಾಲ. ಅಳವಂಡಿಯಲ್ಲಿ ಸಾವುಕಾರರೊಬ್ಬರ ಎರಡಂತಸ್ತಿನ ಮನೆ ಕಟ್ಟುತ್ತಿದ್ದೆವು. ನನಗೆ ಕಲ್ಲುಕೆಲಸ ಕಲಿಸಿದವರು ಉಸ್ತಾದರು. ಗುಂಡು ಇಳಿಸುವ ಮುನ್ನ ಅದನ್ನು ಪಾದದಡಿ ಒತ್ತಿ, ದಾರವನ್ನು ಮೂರು ಸಲ ಜಗ್ಗಬೇಕೆಂಬುದು ಅವರ ಕಟ್ಟಳೆ.

"ಜಗ್ಗೋ! ಲಗ್ನದ ಗಂಟು ಸಡಲಿದ್ರ ಹಿರ್ಯಾರು ಕೂಡಿ ಬಿಗೀತಾರ. ಇದು ಸಡಲಿದ್ರ ಕೆಳಗಿದ್ದಾಂವನ ಬುರಡಿ ಹೋಗತೈತಿ."

ನಾನೋ, ಯಾರು ಏನು ಹೇಳಿದರೂ ಕಾರಣ ಕೇಳುವವನು. "ನನ್ನ ಗಂಟು ನನಗ ಗೊತ್ತೈತ್ರಿ, ಉಸ್ತಾದ."

ಆ ದಿನ ಜಗ್ಗಲಿಲ್ಲ. ಗೋಡೆಯ ಮೇಲಿಂದ ಬಿಟ್ಟ ಗುಂಡು ಅರ್ಧ ಇಳಿದಿತ್ತು. ಕೈಯಲ್ಲಿದ್ದ ದಾರ ಒಮ್ಮೆಲೇ ಹಗುರಾಯಿತು. ಕೆಳಗೆ ಉಸ್ತಾದರು ಬಲಗೈಯನ್ನು ಕಲ್ಲಿನ ಮೇಲಿಟ್ಟು ಕಾಯುತ್ತಿದ್ದರು...

ದಾರ ಹಿಡಿದೇ ಕೆಳಗಿಳಿದೆ. ಸಾವುಕಾರರು ಓಡಿಬರುತ್ತಿದ್ದಂತೆ ಉಸ್ತಾದರು ಎಡಗೈಯಿಂದ ಅದನ್ನು ಕಸಿದು ಕಿಸೆಗೆ ತುರುಕಿದರು. "ದಾರ ಹರೀತ್ರಿ, ಸಾವುಕಾರ್ರ. ಹಳೇದಿತ್ತು. ಇವಂದೇನೂ ತಪ್ಪಿಲ್ರಿ."

ನಾನು ಹೌದೆಂದು ತಲೆಯಾಡಿಸಿದೆ.

ಅವರ ಮೂರು ಬೆರಳು ಮತ್ತೆ ಮಡಚಲಿಲ್ಲ. ಅವರು ಗಚ್ಚು ಮೆತ್ತುತ್ತಿದ್ದ ಕರಣೆ ನನ್ನ ಕೈಗೆ ಬಂತು. ಅಷ್ಟು ನೆಟ್ಟಗೆ ಗೋಡೆ ಎಬ್ಬಿಸುತ್ತಿದ್ದ ಮನುಷ್ಯ, ಸುಣ್ಣದ ಗಚ್ಚು ಅರೆಯುವ ಗಾಣದಲ್ಲಿ ಎತ್ತಿನ ಹಿಂದೆ ಕಡೆತನಕ ಸುತ್ತು ಹಾಕಿದರು. ನಾನು ಗೋಡೆ ಏರುವಾಗಲೆಲ್ಲ ಅಲ್ಲಿಂದಲೇ ಕೂಗಿ ಕೇಳುತ್ತಿದ್ದರು, ನಗುತ್ತಲೇ: "ಜಗ್ಗಿದೇನೋ?"

ಮುಂದೆ ನಾನು ಸಾಲೆಯ ಮುಖ ಕಾಣದೆಯೇ ಓದು ಕಲಿತೆ. ಇಟಗಿಯ ಗುಡಿಯ ಬಗ್ಗೆ ಊರವರು ಹೇಳುವ ಕಥೆಗಳಿಗೆಲ್ಲ ಸಾಕ್ಷಿ ಕೇಳಿ ಹಲವರ ನಿಷ್ಠುರ ಕಟ್ಟಿಕೊಂಡೆ. ದಾರ ಹರಿಯಿತೆಂಬ ಒಂದು ಕಥೆಗೆ ಮಾತ್ರ ಸಾಕ್ಷಿ ಕೇಳಲಿಲ್ಲ.

ಮೊನ್ನೆ ಗುಂಡು ಕೊಡುವಾಗ ಉಸ್ತಾದರ ಮೊಮ್ಮಗ ಕೇಳಿದ: "ಅಜ್ಜಾರ, ದಾರ ಹರಿದು ಗುಂಡು ಬಿತ್ತಂತಲ್ರಿ, ಖರೇನ?"

ಈ ವಯಸ್ಸಿನಲ್ಲಿಯೂ ನಾನು ಹೌದೆಂದು ತಲೆಯಾಡಿಸಿದೆ. ಅವನು ಚಹಾ ಕುಡಿದು ಹೋದ.

ಆಮೇಲೆ ದಾರ ಬಿಚ್ಚಿ ನೋಡಿದೆ. ತುದಿಯಲ್ಲಿ ನನ್ನ ಗಂಟಿನ ಸುರುಳಿ ಇನ್ನೂ ಉಳಿದಿದೆ. ಒಂದು ಎಳೆಯೂ ಹರಿದಿಲ್ಲ. ಉಸ್ತಾದರು ಇದನ್ನು ಎಂದೋ ಒಲೆಗೆ ಹಾಕಬಹುದಿತ್ತು. ಕಾಯ್ದಿಟ್ಟರು. ಯಾಕೆಂದು ಕೇಳಲು ಈಗ ಅವರಿಲ್ಲ...

ದಾರವನ್ನೂ ಈ ಬರಹವನ್ನೂ ಮೊಮ್ಮಗನಿಗೆ ಕೂಡಿಯೇ ಕಳಿಸುತ್ತಿದ್ದೇನೆ. ದಾರ ಹರಿದಿರಲಿಲ್ಲ, ತಮ್ಮಾ. ನಾನು ಜಗ್ಗಿರಲಿಲ್ಲ.